ಪಾಯಿಂಟಿನ ಟಿಕೆಟ್ಟು



ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕುಳಿತವರ ಮಾತು ಈಚೆಗೆ ಸೈಟಿನ ಬೆಲೆ, ಸಕ್ಕರೆ ಕಾಯಿಲೆಗಳನ್ನು ದಾಟಿ ಕ್ರೆಡಿಟ್ ಕಾರ್ಡಿನ ಕಡೆ ಹೊರಳುತ್ತಿದೆ. ಒಬ್ಬರು ಪಾಯಿಂಟಿನಲ್ಲೇ ಸಿಂಗಪುರಕ್ಕೆ ಹೋಗಿಬಂದೆ ಎನ್ನುತ್ತಾರೆ. ಇನ್ನೊಬ್ಬರು ವಿಮಾನ ನಿಲ್ದಾಣದ ಲೌಂಜಿನಲ್ಲಿ ಕಾರ್ಡು ಉಜ್ಜಿ ಎರಡೇ ರೂಪಾಯಿಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಮುಗಿಸಿದ್ದನ್ನು ಹೇಳುತ್ತಾರೆ. ಆ ಲೌಂಜಿನ ಬಾಗಿಲಲ್ಲಿ ಈಗ ಎಷ್ಟು ಉದ್ದದ ಸಾಲು ಇರುತ್ತದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಕೇಳುತ್ತ ಕುಳಿತ ಮೂರನೆಯವರ ಪ್ರಶ್ನೆ ಯಾವಾಗಲೂ ಒಂದೇ: "ಹಾಗಾದ್ರೆ ಸಾರ್, ಯಾವ ಕಾರ್ಡ್ ಒಳ್ಳೇದು?"

ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು ಎನ್ನುವುದೇ ಇವತ್ತು ನಾನು ಹೇಳಲು ಬಂದಿರುವ ಮಾತು. ಮೊದಲು ಹೋಗಬೇಕಾದ ಊರು, ಕೊಳ್ಳಬೇಕಾದ ಟಿಕೆಟ್ಟು. ಅಲ್ಲಿಂದ ಹಿಂದಕ್ಕೆ ನಡೆದು ಬಂದರೆ ಯಾವ ಕಾರ್ಡು ಎನ್ನುವುದು ತಾನಾಗಿ ತಿಳಿಯುತ್ತದೆ. ಎಷ್ಟೋ ಸಲ ಯಾವ ಕಾರ್ಡೂ ಬೇಡ ಎಂದೂ ತಿಳಿಯುತ್ತದೆ.

ಅದಕ್ಕೆ ಮೊದಲು ಈ ಪಾಯಿಂಟು ಎಲ್ಲಿಂದ ಬಂತು ಎಂದು ನೋಡೋಣ. ಯಾರೂ ಯಾರಿಗೂ ಪುಕ್ಕಟೆ ಏನನ್ನೂ ಕೊಡುವುದಿಲ್ಲವಲ್ಲ.

ಅಮೆರಿಕದಲ್ಲಿ 1978ರವರೆಗೆ ವಿಮಾನದ ದರವನ್ನೂ ಮಾರ್ಗವನ್ನೂ ಸರ್ಕಾರವೇ ನಿಗದಿ ಮಾಡುತ್ತಿತ್ತು. ಆ ವರ್ಷ ಕಾನೂನು ಬದಲಾಗಿ ಕಂಪನಿಗಳು ಒಂದರ ಮೇಲೊಂದು ಬಿದ್ದು ದರ ಇಳಿಸಲು ಶುರು ಮಾಡಿದವು. ನಾಲ್ಕು ಡಾಲರ್ ಕಡಿಮೆ ಸಿಕ್ಕರೆ ಪ್ರಯಾಣಿಕ ಪಕ್ಕದ ಕೌಂಟರಿಗೆ ಹೋಗುತ್ತಿದ್ದ. ಅವನನ್ನು ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆ ತಂದಿತು. ಹಾರಿದ ಮೈಲಿಗಳನ್ನು ಲೆಕ್ಕ ಇಟ್ಟುಕೊಂಡು, ಇಷ್ಟು ಮೈಲಿ ಆದಮೇಲೆ ಒಂದು ಟಿಕೆಟ್ಟು ಕೊಡುವುದು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದನ್ನೇ ಮಾಡಿತು. ಹೇಗೂ ಖಾಲಿ ಹೋಗುವ ಸೀಟು, ಅದರಲ್ಲೊಬ್ಬ ಹಳೆಯ ಗಿರಾಕಿ ಕೂತರೆ ಕಂಪನಿಗೆ ನಷ್ಟವೇನೂ ಇರಲಿಲ್ಲ.

ಆಟ ಬದಲಾದದ್ದು ಬ್ಯಾಂಕುಗಳು ಒಳಗೆ ಬಂದಾಗ. 1987ರಲ್ಲಿ ಸಿಟಿಬ್ಯಾಂಕ್ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿ ಕಾರ್ಡು ಹೊರತಂದಿತು. ಡಾಲರಿಗೊಂದು ಮೈಲಿ. ಅಂದರೆ ಹಾರದೆಯೂ ಮೈಲಿ ಕೂಡಿಡಬಹುದು, ದಿನಸಿ ತಂದರೂ ಮೈಲಿ ಬರುತ್ತದೆ. ಆ ಮೈಲಿಗಳನ್ನು ಬ್ಯಾಂಕು ವಿಮಾನ ಕಂಪನಿಯಿಂದ ರೊಕ್ಕ ಕೊಟ್ಟು ಸಗಟಾಗಿ ಕೊಳ್ಳುತ್ತದೆ. ಕಂಪನಿಗೆ ಹಣ ಇವತ್ತು ಬಂತು, ಸೀಟು ಕೊಡಬೇಕಾದದ್ದು ಎಂದೋ. ಇದಕ್ಕಿಂತ ಒಳ್ಳೆಯ ವ್ಯಾಪಾರ ಉಂಟೆ?

ಎಷ್ಟು ಒಳ್ಳೆಯದೆಂದು ಜಗತ್ತಿಗೆ ಗೊತ್ತಾದದ್ದು 2020ರ ಕೊರೋನಾದಲ್ಲಿ. ವಿಮಾನಗಳೆಲ್ಲ ನೆಲ ಕಚ್ಚಿದ್ದಾಗ ಯುನೈಟೆಡ್ ಕಂಪನಿ ಮೈಲೇಜ್‌ಪ್ಲಸ್ ಎಂಬ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆಗ ಆ ಯೋಜನೆಗೆ ಕಟ್ಟಿದ ಬೆಲೆ ಹತ್ತಿರ ಹತ್ತಿರ 2,200 ಕೋಟಿ ಡಾಲರ್. ಅದೇ ಹೊತ್ತಿಗೆ ಶೇರುಪೇಟೆಯಲ್ಲಿ ವಿಮಾನ, ಎಂಜಿನ್, ಹ್ಯಾಂಗರು ಎಲ್ಲ ಸೇರಿದ ಇಡೀ ಯುನೈಟೆಡ್ಡಿನ ಬೆಲೆ ಅದಕ್ಕಿಂತ ಕಡಿಮೆ ಇತ್ತು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಮೇಲೆ 1,000 ಕೋಟಿ ಡಾಲರ್ ಎತ್ತಿತು. ವಿಮಾನ ಹಾರಿಸುವುದು ಒಂದು ನೆಪ, ಮೈಲಿ ಮಾರುವುದೇ ಅಸಲು ಕಸುಬು ಎಂದು ಅಂದಿನಿಂದ ಜನ ತಮಾಷೆ ಮಾಡುವುದುಂಟು. ಪೂರಾ ತಮಾಷೆಯೇನೂ ಅಲ್ಲ.

ಬ್ಯಾಂಕಿಗೆ ಆ ಹಣ ಎಲ್ಲಿಂದ? ನೀವು ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ಅಂಗಡಿಯವನಿಗೆ ನೂರಕ್ಕೆ ನೂರು ಸಿಗುವುದಿಲ್ಲ. ಸುಮಾರು ಎರಡು ರೂಪಾಯಿ ಹಿಡಿದುಕೊಂಡು ಮಿಕ್ಕದ್ದು ಅವನ ಖಾತೆಗೆ ಹೋಗುತ್ತದೆ. ಆ ಎರಡು ರೂಪಾಯಿಯ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿನದು, ಅದರಲ್ಲೊಂದು ತುಣುಕು ನಿಮ್ಮ ಪಾಯಿಂಟು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳಲು ಹೋದವರಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ. "ಕಾರ್ಡಾದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಸಾರ್, ಯುಪಿಐ ಮಾಡ್ಬಿಡಿ" ಎನ್ನುತ್ತಾರೆ. ಆ ಎರಡನ್ನು ನಾವೇ ತೆತ್ತು ಎರಡು ರೂಪಾಯಿಯ ಪಾಯಿಂಟು ಪಡೆದರೆ ಸಿಕ್ಕಿದ್ದೇನು? ಸೊನ್ನೆ. ಯುಪಿಐಯಲ್ಲಿ ಬ್ಯಾಂಕ್ ಖಾತೆಯಿಂದ ನೇರ ಕೊಟ್ಟರೆ ವರ್ತಕನಿಗೆ ಈ ಕಡಿತ ಇಲ್ಲ, 2020ರ ಜನವರಿಯಿಂದ ಅದು ಶೂನ್ಯ. ಅದಕ್ಕೇ ಅಂಥ ಪಾವತಿಗೆ ಪಾಯಿಂಟು ಕೊಡುವವರೂ ಕಡಿಮೆ.

ಯುರೋಪಿನಲ್ಲಿ 2015ರಲ್ಲಿ ಈ ಕಡಿತದೊಳಗೆ ಬ್ಯಾಂಕಿಗೆ ಹೋಗುವ ಪಾಲಿಗೆ ಕ್ರೆಡಿಟ್ ಕಾರ್ಡಿನಲ್ಲಿ ಶೇಕಡಾ 0.3ರ ಮಿತಿ ಹಾಕಿದರು. ಅಲ್ಲಿನ ಕಾರ್ಡುಗಳಲ್ಲಿ ಪಾಯಿಂಟು ಬಡಕಲಾಗಿರುವುದು ಅದಕ್ಕೆ. ಅಮೆರಿಕದಲ್ಲಿ ಅಂಥ ಮಿತಿ ಡೆಬಿಟ್ ಕಾರ್ಡಿಗೆ ಬಂತು, ಕ್ರೆಡಿಟ್ ಕಾರ್ಡಿಗೆ ಬರಲಿಲ್ಲ. ಪಾಯಿಂಟಿನ ಹೊಳೆ ಅಲ್ಲೇ ಹರಿಯಿತು. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಲೆಕ್ಕ ಹಾಕಿದರು. ಅಂಗಡಿಯವರು ಈ ಕಡಿತವನ್ನು ಎಲ್ಲರ ಬೆಲೆಗೂ ಸೇರಿಸುವುದರಿಂದ, ನಗದು ಕೊಡುವ ಒಂದು ಅಮೆರಿಕನ್ ಸಂಸಾರ ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡು ಬಳಸುವವರಿಗೆ ದಾಟಿಸುತ್ತದೆ. ಕಾರ್ಡಿನ ಸಂಸಾರವೊಂದಕ್ಕೆ ಹೀಗೆ ಸೇರುವುದು 1,133 ಡಾಲರ್. ಸಿಂಗಪುರದ 'ಫ್ರೀ' ಟಿಕೆಟ್ಟಿನಲ್ಲಿ ಅದೇ ಅಂಗಡಿಯಲ್ಲಿ ನೋಟು ಕೊಟ್ಟು ಅಕ್ಕಿ ತಂದವರ ಪಾಲೂ ಇರುತ್ತದೆ. ಇದನ್ನು ಕೇಳಿ ಕಾರ್ಡು ಕತ್ತರಿಸಿ ಹಾಕಿ ಎನ್ನುತ್ತಿಲ್ಲ. ಬಿಸಿನೆಸ್ ಕ್ಲಾಸಿನ ಫೋಟೋ ಹಾಕಿ 'ಒಂದು ರೂಪಾಯಿ ಖರ್ಚಿಲ್ಲ' ಎಂದು ಬರೆದುಕೊಳ್ಳುವ ಮುಂಚೆ ತುಸು ನಾಚಿಕೆ ಇರಲಿ ಎಂದಷ್ಟೆ.

ಲೆಕ್ಕ ಬಲ್ಲವನು ಈ ವ್ಯವಸ್ಥೆಯನ್ನು ಹೇಗೆ ಮಣಿಸಬಹುದು ಎನ್ನುವುದಕ್ಕೂ ಒಂದು ಕಥೆಯಿದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಸಿವಿಲ್ ಎಂಜಿನಿಯರ್, ಒಂದು ತಿಂಡಿ ಕಂಪನಿಯ ಪೊಟ್ಟಣಗಳ ಚೀಟಿ ಕಳಿಸಿದರೆ ಮೈಲಿ ಕೊಡುತ್ತಾರೆ ಎನ್ನುವ ಜಾಹೀರಾತು ನೋಡಿದ. ಆ ಕಂಪನಿಯ ಸರಕಿನಲ್ಲಿ ಅತಿ ಅಗ್ಗದ್ದು ಯಾವುದು ಎಂದು ಹುಡುಕಿದ. ಕಾಲು ಡಾಲರಿನ ಪುಡ್ಡಿಂಗ್ ಬಟ್ಟಲು ಸಿಕ್ಕಿತು. 12,150 ಬಟ್ಟಲು ಕೊಂಡ. ಚೀಟಿ ಕೀಳುವ ಕೆಲಸಕ್ಕೆ ಒಂದು ಧರ್ಮಸಂಸ್ಥೆಯವರನ್ನು ಹಿಡಿದು, ಪುಡ್ಡಿಂಗನ್ನು ಅವರಿಗೇ ದಾನ ಕೊಟ್ಟ, ದಾನಕ್ಕೆ ತೆರಿಗೆ ವಿನಾಯಿತಿಯನ್ನೂ ಪಡೆದ. ಖರ್ಚು 3,140 ಡಾಲರ್, ಬಂದದ್ದು ಹನ್ನೆರಡೂವರೆ ಲಕ್ಷ ಮೈಲಿ. ಅವನು ಮಾಡಿದ ಉಪಾಯ ಏನು? ಒಂದು ಮೈಲಿ ತನಗೆ ಎಷ್ಟಕ್ಕೆ ಬೀಳುತ್ತದೆ, ಅದನ್ನು ಎಷ್ಟಕ್ಕೆ ಖರ್ಚು ಮಾಡಬಹುದು ಎಂದು ಎರಡೂ ತುದಿಯ ಲೆಕ್ಕವನ್ನು ಮೊದಲೇ ಹಾಕಿದ. ನಾವು ಸಾಮಾನ್ಯವಾಗಿ ಮೊದಲ ತುದಿ ನೋಡಿ ಮರುಳಾಗುತ್ತೇವೆ. ನೂರು ರೂಪಾಯಿಗೆ ಐದು ಪಾಯಿಂಟು, ಹತ್ತು ಪಾಯಿಂಟು ಎನ್ನುವ ಜಾಹೀರಾತಿನಲ್ಲಿ ಎರಡನೇ ತುದಿ ಇರುವುದೇ ಇಲ್ಲ.

ಆ ಎರಡನೇ ತುದಿ ಯಾವಾಗಲೂ ಕೊಡುವವನ ಕೈಯಲ್ಲಿರುತ್ತದೆ. ರೂಪಾಯಿಯ ಬೆಲೆ ಕುಸಿದರೆ ಲೋಕಸಭೆಯಲ್ಲಿ ಗದ್ದಲ ಆಗುತ್ತದೆ. ಪಾಯಿಂಟಿನ ಬೆಲೆ ಇಳಿಸಲು ಒಂದು ಇಮೇಲ್ ಸಾಕು. ನಮ್ಮಲ್ಲೇ ಆದದ್ದು ನೋಡಿ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಎಂಬ ಕಾರ್ಡು 2022, 23ರಲ್ಲಿ ಪಾಯಿಂಟು ಕೂಡಿಡುವ ಹವ್ಯಾಸದವರ ಮನೆದೇವರಾಗಿತ್ತು. ತಿಂಗಳಿಗೆ ಒಂದು ಲಕ್ಷ ಉಜ್ಜಿದರೆ 25,000 ಪಾಯಿಂಟು ಉಡುಗೊರೆ. ಐದು ಪಾಯಿಂಟು ಕೊಟ್ಟರೆ ನಾಲ್ಕು ವಿಮಾನ ಮೈಲಿ. 2023ರ ಸೆಪ್ಟೆಂಬರ್ 1ರಿಂದ ಆ 25,000 ನಿಂತುಹೋಯಿತು, ಐದಕ್ಕೆ ನಾಲ್ಕು ಇದ್ದದ್ದು ಐದಕ್ಕೆ ಎರಡಾಯಿತು. ಬ್ಯಾಂಕು ಮಾಡಿದ್ದು ಕಾನೂನಿಗೆ ಹೊರತಾದದ್ದೇನಲ್ಲ, ನಿಯಮ ಬದಲಿಸುವ ಹಕ್ಕು ತನ್ನದೆಂದು ಮೊದಲೇ ಬರೆದುಕೊಂಡಿರುತ್ತಾರೆ. ಆದರೆ ಮುಂದಿನ ವರ್ಷ ಯುರೋಪಿಗೆ ಎಂದು ಪಾಯಿಂಟು ಕೂಡಿಟ್ಟವರ ಟಿಕೆಟ್ಟು ಕಾಗದದ ಮೇಲೆ ದುಪ್ಪಟ್ಟಾಯಿತು.

ಬ್ಯಾಂಕು ಬೆಲೆ ಇಳಿಸುವುದು ಒಂದಾದರೆ ವಿಮಾನ ಕಂಪನಿಯೇ ಮುಳುಗುವುದು ಇನ್ನೊಂದು. ಬೆಂಗಳೂರಿನವರಿಗೆ ಕಿಂಗ್‌ಫಿಶರ್ ನೆನಪಿರಬೇಕು. 2005ರಲ್ಲಿ ಹಾರಿ 2012ರ ಅಕ್ಟೋಬರಿನಲ್ಲಿ ನೆಲಕ್ಕೆ ಕೂತಿತು. ಅದರ ಕಿಂಗ್ ಕ್ಲಬ್ ಮೈಲಿ ಕೂಡಿಟ್ಟವರಿಗೆ ಉಳಿದದ್ದು ಒಂದು ಕೆಂಪು ಕಾರ್ಡು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಮೈಲಿ ಯೋಜನೆ ಬೇರೆಯೇ ಕಂಪನಿಯಾಗಿದ್ದರಿಂದ ಸಾಯಲಿಲ್ಲ, ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮೈಲಿ ಇತ್ತು, ಹಾರಲು ಜೆಟ್ಟಿನ ವಿಮಾನ ಇರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ ಪಾಯಿಂಟುಗಳು ಒಂದಕ್ಕೊಂದರಂತೆ ವರ್ಗವಾದವು, ಅಷ್ಟು ಮಟ್ಟಿಗೆ ಪುಣ್ಯ. ಆದರೆ ವಿಸ್ತಾರದ ಹೆಸರಿನ ಕಾರ್ಡುಗಳು ಕೊಡುತ್ತಿದ್ದ ಟಿಕೆಟ್ ವೋಚರುಗಳು ಒಂದೊಂದಾಗಿ ನಿಂತವು. ಇಂಥವೆಲ್ಲ ಕಂಡಮೇಲೆ ನನ್ನ ಮಟ್ಟಿಗೆ ಪಾಯಿಂಟು ಎಂದರೆ ಸಂತೆಯಲ್ಲಿ ತಂದ ಸೊಪ್ಪು. ಬೇಕಾದಷ್ಟು ತಂದು ಅವತ್ತೇ ಸಾರು ಮಾಡಿಬಿಡಬೇಕು. ಮಗಳ ಮದುವೆಗೆ ಆಯಿತು ಎಂದು ಬಂಗಾರದ ಹಾಗೆ ಕಟ್ಟಿಡುವ ವಸ್ತುವಲ್ಲ ಅದು.

ಇನ್ನು ಕಾರ್ಡುಗಳ ಹೋಲಿಕೆಗೆ ಬರೋಣ. ಹೆಸರು ನೂರಿದ್ದರೂ ಜಾತಿ ಮೂರೇ. ಒಂದು, ವಿಮಾನ ಕಂಪನಿಯ ಹೆಸರು ಹೊತ್ತ ಕಾರ್ಡು. ಅದರ ಪಾಯಿಂಟು ಆ ಕಂಪನಿಗೇ ಕಟ್ಟಿಬಿದ್ದದ್ದು. ಎರಡು, ಬ್ಯಾಂಕಿನ ಪಾಯಿಂಟನ್ನು ಬ್ಯಾಂಕಿನದೇ ತಾಣದಲ್ಲಿ ಟಿಕೆಟ್ಟಿಗೆ ಬಳಸುವುದು. ಎಚ್‌ಡಿಎಫ್‌ಸಿಯ ಇನ್ಫಿನಿಯಾ ಇದರ ದೊಡ್ಡಣ್ಣ: 150 ರೂಪಾಯಿಗೆ 5 ಪಾಯಿಂಟು, ಅವರ ತಾಣದಲ್ಲಿ ವಿಮಾನ ಟಿಕೆಟ್ಟಿಗೆ ಒಂದು ಪಾಯಿಂಟು ಒಂದು ರೂಪಾಯಿ. ಅಂದರೆ ಖರ್ಚಿನ ಶೇಕಡಾ 3.3ರಷ್ಟು ವಾಪಸು. ಆದರೆ ಟಿಕೆಟ್ಟಿನ ಬೆಲೆಯ ಶೇಕಡಾ 70ರಷ್ಟನ್ನು ಮಾತ್ರ ಪಾಯಿಂಟಿನಲ್ಲಿ ಕೊಡಬಹುದೆಂಬ ಕಟ್ಟು ತಂದಿದ್ದಾರೆ. ಶುಲ್ಕ 12,500, ಜಿಎಸ್‌ಟಿ ಸೇರಿ 14,750. ಕೇಳಿದವರಿಗೆಲ್ಲ ಕೊಡುವ ಕಾರ್ಡೂ ಅಲ್ಲ. ಮೂರನೆಯ ಜಾತಿ, ಬ್ಯಾಂಕಿನ ಪಾಯಿಂಟನ್ನು ಬೇರೆ ಬೇರೆ ವಿಮಾನ ಕಂಪನಿಗಳ ಮೈಲಿಯಾಗಿ ವರ್ಗಾಯಿಸುವ ಸೌಲಭ್ಯ ಇರುವಂಥದ್ದು. ಆಕ್ಸಿಸ್ ಅಟ್ಲಾಸ್ ಇದರಲ್ಲಿ ಹೆಸರಾದದ್ದು: ಸಾಮಾನ್ಯ ಖರ್ಚಿಗೆ ನೂರಕ್ಕೆ ಎರಡು, ವಿಮಾನ ಕಂಪನಿಯಲ್ಲೋ ಹೋಟೆಲಿನಲ್ಲೋ ನೇರ ಕೊಂಡರೆ ಐದು, ವರ್ಗಾಯಿಸಿದರೆ ಒಂದಕ್ಕೆ ಎರಡು ಮೈಲಿ. ವರ್ಷಕ್ಕೆ ಇಷ್ಟೇ ವರ್ಗಾಯಿಸಬಹುದು ಎನ್ನುವ ಮಿತಿ ಇದಕ್ಕೂ ಬಂದಿದೆ. ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಪ್ಲಾಟಿನಂ ಟ್ರಾವೆಲ್ ಕೆಲವು ವರ್ಷ, 4 ಲಕ್ಷ ಖರ್ಚು ಮಾಡಿದರೆ ಎಲ್ಲ ಸೇರಿ 48,000 ಪಾಯಿಂಟು ಕೊಟ್ಟಿತು. ಅದರ ತೊಡಕು ಬೇರೆ. ಸಣ್ಣ ಊರಿನ ಅಂಗಡಿಯಲ್ಲಿ ಅದನ್ನು ತೆಗೆದರೆ ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಮಷೀನಲ್ಲಿ ಹೋಗಲ್ಲ ಸಾರ್, ಬೇರೆ ಇದ್ರೆ ಕೊಡಿ" ಎನ್ನುತ್ತಾನೆ.

ಹೋಲಿಸಲು ಒಂದೇ ಒಂದು ಭಾಗಾಕಾರ ಸಾಕು. ಕಾಗದ, ಪೆನ್ನು ಹತ್ತಿರವಿದ್ದರೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಒಂದು ಕಡೆಯ ಟಿಕೆಟ್ಟು 45,000 ರೂಪಾಯಿ ಎಂದಿಟ್ಟುಕೊಳ್ಳಿ. ಅದೇ ಸೀಟು 25,000 ಮೈಲಿಗೆ ಸಿಗುತ್ತದೆ, ಆದರೆ ಮೈಲಿಯ ಟಿಕೆಟ್ಟಿಗೂ ವಿಮಾನ ನಿಲ್ದಾಣದ ಶುಲ್ಕ, ತೆರಿಗೆ, ಇಂಧನದ ಹೆಸರಿನ ಸುಂಕ ಎಂದು 9,000 ರೂಪಾಯಿ ಕೊಡಬೇಕು. 'ಫ್ರೀ' ಟಿಕೆಟ್ಟಿಗೆ ಅಂಟಿಕೊಂಡು ಬರುವ ಈ ಬಾಬತ್ತನ್ನು ಯಾರೂ ಮದುವೆಮನೆಯಲ್ಲಿ ಹೇಳುವುದಿಲ್ಲ. 45,000ದಲ್ಲಿ 9,000 ಕಳೆದರೆ 36,000. ಅದನ್ನು 25,000ದಿಂದ ಭಾಗಿಸಿ. ಒಂದು ಮೈಲಿ 1 ರೂಪಾಯಿ 44 ಪೈಸೆ ಆಯಿತು. ಒಳ್ಳೆಯ ಬೆಲೆ. ಆದರೆ ನಿಮ್ಮ ಬ್ಯಾಂಕು ಎರಡು ಪಾಯಿಂಟಿಗೆ ಒಂದು ಮೈಲಿ ಕೊಡುವಂಥದ್ದಾದರೆ ನಿಮಗೆ 50,000 ಪಾಯಿಂಟು ಬೇಕು, ಪಾಯಿಂಟಿನ ಬೆಲೆ 72 ಪೈಸೆಗೆ ಇಳಿಯಿತು. ಆಗ ಬ್ಯಾಂಕಿನ ತಾಣದಲ್ಲಿ ಒಂದಕ್ಕೊಂದು ರೂಪಾಯಿ ಸಿಗುವುದಾದರೆ ಅದೇ ಮೇಲು. ಒಂದಕ್ಕೆ ಎರಡು ಮೈಲಿ ಕೊಡುವ ಕಾರ್ಡಾದರೆ 12,500 ಪಾಯಿಂಟು ಸಾಕು, ಪಾಯಿಂಟಿಗೆ 2 ರೂಪಾಯಿ 88 ಪೈಸೆ. ಟಿಕೆಟ್ಟು ಅದೇ, ಸೀಟೂ ಅದೇ. ಕಾರ್ಡುಗಳ ಜಾಹೀರಾತಿನ ಪಾಯಿಂಟನ್ನು ಪಾಯಿಂಟಿಗೆ ಹೋಲಿಸಿದರೆ ಇದು ಎಂದೂ ತಿಳಿಯುವುದಿಲ್ಲ. ಟಿಕೆಟ್ಟಿನಿಂದ ಹಿಂದಕ್ಕೆ ನಡೆಯಿರಿ ಎಂದದ್ದು ಇದಕ್ಕೆ.

ಇದೇ ಭಾಗಾಕಾರವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಮಾಡಿ ನೋಡಿ. ಟಿಕೆಟ್ಟೇ 3,500 ರೂಪಾಯಿ, ಅದರಲ್ಲಿ 900 ನಿಲ್ದಾಣದ ಶುಲ್ಕ ಮತ್ತು ತೆರಿಗೆ, 5,000 ಮೈಲಿ ಕೇಳುತ್ತಾರೆ ಎಂದುಕೊಂಡರೆ ಮೈಲಿಗೆ ಬರುವುದು 52 ಪೈಸೆ. ಹತ್ತಿರದ ಹಾರಾಟಕ್ಕೆ ಪಾಯಿಂಟು ಸುಡುವುದು ದಂಡ. ರೊಕ್ಕ ಕೊಟ್ಟು ಕೊಳ್ಳಿ. ಕಲಬುರಗಿ, ಬೆಳಗಾವಿ, ಶಿವಮೊಗ್ಗ, ಇಲ್ಲೆಲ್ಲ ಓಡಾಡುವವರಿಗೆ ನೇರವಾಗಿ ಹಣ ವಾಪಸು ಕೊಡುವ ಸಾದಾ ಕಾರ್ಡೇ ಸಾಕು. ತಿಂಗಳಿಗೆ ಮೂರು ನಾಲ್ಕು ಸಲ ಒಂದೇ ಕಂಪನಿಯ ವಿಮಾನದಲ್ಲಿ ಆಫೀಸಿನ ಕೆಲಸಕ್ಕೆ ಹಾರುವವರಿಗೆ ಮಾತ್ರ ಆ ಕಂಪನಿಯ ಹೆಸರಿನ ಕಾರ್ಡು ಏನಾದರೂ ಕೊಟ್ಟೀತು.

ಬಿಸಿನೆಸ್ ಕ್ಲಾಸಿನ ವಿಷಯದಲ್ಲಿ ಈ ಭಾಗಾಕಾರ ನಮ್ಮನ್ನೇ ಮೋಸ ಮಾಡುತ್ತದೆ. ಎರಡೂವರೆ ಲಕ್ಷದ ಸೀಟು 80,000 ಮೈಲಿಗೆ ಸಿಕ್ಕಿತು, ಮೈಲಿಗೆ ಮೂರು ರೂಪಾಯಿ ಬಂತು ಎಂದು ಹಿಗ್ಗುವವರಿದ್ದಾರೆ. ಆದರೆ ಜೇಬಿನಿಂದ ನೀವು ಆ ಎರಡೂವರೆ ಲಕ್ಷ ಎಂದಾದರೂ ಕೊಡುತ್ತಿದ್ದಿರೆ? ಕೊಡುತ್ತಿರಲಿಲ್ಲ. ನೀವು ಮನಸಾರೆ ಕೊಡುವಷ್ಟೇ ಅದರ ಬೆಲೆ. ಮಂಡಿನೋವಿನ ತಾಯಿ ಹತ್ತು ಗಂಟೆ ಕಾಲು ಚಾಚಿ ಮಲಗಿ ಹೋಗಲಿ ಎಂದಾದರೆ ಆ ಬೆಲೆ ಹೆಚ್ಚು. ಇಪ್ಪತ್ತೈದರ ಹುಡುಗನಿಗೆ ಹಿಂದಿನ ಸೀಟೇನೂ ಚುಚ್ಚುವುದಿಲ್ಲ.

ತಾಯಿಯ ಮಾತು ಬಂದದ್ದರಿಂದ ನಮ್ಮವರ ದೊಡ್ಡ ಹಾರಾಟಕ್ಕೇ ಬರುತ್ತೇನೆ. ಮಗಳ ಬಾಣಂತನಕ್ಕೆ, ಸೊಸೆಯ ಬಾಣಂತನಕ್ಕೆ ಎಂದು ಮೈಸೂರು, ಧಾರವಾಡ, ಉಡುಪಿಯಿಂದ ಕ್ಯಾಲಿಫೋರ್ನಿಯಾ, ಟೆಕ್ಸಾಸಿಗೆ ಹೊರಡುವ ಹಿರಿಯರು. ಮೆಂತ್ಯದ ಹಿಟ್ಟು, ಅಂಟಿನುಂಡೆ, ಖಾರದಪುಡಿ ತುಂಬಿದ ಸೂಟ್‌ಕೇಸನ್ನು ತಕ್ಕಡಿಗಿಟ್ಟು 23 ಕಿಲೋ ದಾಟಿದೆಯೇ ಎಂದು ನೋಡುವವರು. ಇವರು ಪಾಯಿಂಟಿಗಾಗಿ ಇಲ್ಲಿ ಹೊಸ ಕಾರ್ಡು ಮಾಡಿಸಬೇಕಾಗಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಪಾಯಿಂಟು ಹುಲುಸಾಗಿರುವುದು ಮಕ್ಕಳ ದೇಶದಲ್ಲಿ. ನಮ್ಮಲ್ಲಿ ವರ್ಷವಿಡೀ ಖರ್ಚು ಮಾಡಿ ಕೂಡಿಸುವಷ್ಟನ್ನು ಅಲ್ಲಿ ಕಾರ್ಡಿಗೆ ಸೇರಿದ್ದಕ್ಕೇ ಕೊಡುತ್ತಾರೆ. ಚೇಸ್ ಬ್ಯಾಂಕು 2016ರ ಆಗಸ್ಟಿನಲ್ಲಿ ಸಫೈರ್ ರಿಸರ್ವ್ ಎಂಬ ಕಾರ್ಡು ತಂದಾಗ, ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದರೆ ಒಂದು ಲಕ್ಷ ಪಾಯಿಂಟು ಎಂದಿತು. ಜನ ಮುಗಿಬಿದ್ದು, ಕಾರ್ಡು ತಯಾರಿಸುವ ಲೋಹವೇ ಸಾಲದೆ ಕೆಲಕಾಲ ಪ್ಲಾಸ್ಟಿಕ್ಕಿನಲ್ಲಿ ಕಳಿಸಿದರು. ಕಾರ್ಡಿನಿಂದ ಕಾರ್ಡಿಗೆ ಹಾರುವವರನ್ನು ತಡೆಯಲು, ಎರಡು ವರ್ಷದಲ್ಲಿ ಐದು ಹೊಸ ಕಾರ್ಡು ತೆಗೆದುಕೊಂಡವರಿಗೆ ಅದೇ ಬ್ಯಾಂಕು ಬಾಗಿಲು ಮುಚ್ಚುತ್ತದೆ. ಹಾಗಾಗಿ ಮಗನಿಗೆ ಫೋನು ಮಾಡಿ, "ಟಿಕೆಟ್ ನೀನೇ ಮಾಡ್ಸಪ್ಪ, ಪಾಯಿಂಟಲ್ಲಿ ಸಿಗುತ್ತಾ ನೋಡು" ಎನ್ನಿ. ಅದರಲ್ಲಿ ಸಂಕೋಚದ ಮಾತೇನೂ ಇಲ್ಲ.

ಅವನಿಗೆ ಗೊತ್ತಿರಬೇಕಾದ ಒಂದೆರಡು ಸಂಗತಿ. ಮೈಲಿಗೆ ಕೊಡುವ ಸೀಟುಗಳು ಪ್ರತಿ ವಿಮಾನದಲ್ಲಿ ಕೆಲವೇ. ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ಸಿನಲ್ಲಿ ಅವೂ ಮಾಯ. ಹೆರಿಗೆಯ ದಿನ ಏಳೆಂಟು ತಿಂಗಳು ಮೊದಲೇ ಗೊತ್ತಿರುತ್ತದಲ್ಲ, ಆಗಲೇ ಹುಡುಕಲು ಕೂರಬೇಕು. ಸೀಟು ಇದೆ ಎಂದು ಕಣ್ಣಾರೆ ಕಂಡಮೇಲೇ ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗಾಯಿಸಬೇಕು, ಒಮ್ಮೆ ಹೋದ ಪಾಯಿಂಟು ಹಿಂದಕ್ಕೆ ಬಾರದು. ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲಿಯಲ್ಲಿ ಬೇರೆಯವರಿಗೆ ಟಿಕೆಟ್ಟು ಮಾಡಿಸಬೇಕಾದರೆ ಅವರ ಹೆಸರನ್ನು ಮೊದಲು ತನ್ನ ಖಾತೆಯಲ್ಲಿ ನೋಂದಾಯಿಸಬೇಕು, ಐವರವರೆಗೆ ಅವಕಾಶ. ಆ ಮೈಲಿಗೆ ಮೂರು ವರ್ಷದ ಆಯುಸ್ಸು. ಏರ್ ಫ್ರಾನ್ಸ್, ಕೆಎಲ್‌ಎಂಗಳ ಫ್ಲೈಯಿಂಗ್ ಬ್ಲೂ ತಿಂಗಳಿಗೊಮ್ಮೆ ಕೆಲವು ಮಾರ್ಗಗಳಿಗೆ ಮೈಲಿಯ ರಿಯಾಯಿತಿ ಬಿಡುತ್ತದೆ. ಬೆಂಗಳೂರಿಗೆ ಪ್ಯಾರಿಸ್ಸಿನಿಂದಲೂ ಆಮ್‌ಸ್ಟರ್‌ಡ್ಯಾಮಿನಿಂದಲೂ ಅವರ ವಿಮಾನ ಬರುವುದರಿಂದ ಅದನ್ನು ಗಮನಿಸುತ್ತಿರುವುದು ಒಳ್ಳೆಯದು. ಏರ್ ಇಂಡಿಯಾ 2014ರ ಜುಲೈಯಲ್ಲಿ ಸ್ಟಾರ್ ಅಲಯನ್ಸ್ ಕೂಟ ಸೇರಿದ್ದರಿಂದ ಯುನೈಟೆಡ್ಡಿನ ಮೈಲಿಯಲ್ಲೂ ಏರ್ ಇಂಡಿಯಾದ ಸೀಟು ಕೊಳ್ಳಬಹುದು. ಅಮೆರಿಕದ ಮಕ್ಕಳಲ್ಲಿ ಹಲವರಿಗೆ ಇದು ಹೊಳೆದಿರುವುದಿಲ್ಲ.

ಇಲ್ಲೇ ಇರುವ ಮಧ್ಯಮವರ್ಗದ ಸಂಸಾರದ ಪಾಡು ಬೇರೆ. ತಿಂಗಳಿಗೆ 80,000 ಖರ್ಚಿದೆ, ಪಾಯಿಂಟು ರಾಶಿ ಬೀಳುತ್ತದೆ ಎಂದು ಎಣಿಸುತ್ತೇವೆ. ಆ ಖರ್ಚಿನಲ್ಲಿ ಏನೇನಿದೆ? ಮನೆ ಬಾಡಿಗೆ, ಮಕ್ಕಳ ಫೀಸು, ಬೆಸ್ಕಾಂ ಬಿಲ್ಲು, ವಿಮೆಯ ಕಂತು, ಪೆಟ್ರೋಲು. ದೊಡ್ಡ ಖರ್ಚೆಂದರೆ ಮದುವೆಯ ಚಿನ್ನ. ಪಟ್ಟಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ, ಪಾಯಿಂಟಿಲ್ಲ ಅಥವಾ ಇಷ್ಟಕ್ಕೇ ಮಿತಿ ಎಂದು ಸಣ್ಣಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ಇವಕ್ಕೇ. ತರಕಾರಿ, ಹಾಲು, ಹೂವು ಹೇಗೂ ಯುಪಿಐ. ಉಳಿಯುವುದು ಸೂಪರ್ ಮಾರ್ಕೆಟ್ಟು, ಬಟ್ಟೆ, ಹೋಟೆಲು, ಆನ್‌ಲೈನ್ ಖರೀದಿ. ತಿಂಗಳಿಗೆ 25,000 ಆದರೆ ಹೆಚ್ಚು. ವರ್ಷಕ್ಕೆ 3 ಲಕ್ಷ. ಅದಕ್ಕೆ ನೂರಕ್ಕೆ ಎರಡರಂತೆ ಬಂದರೂ 6,000 ರೂಪಾಯಿ. ಐದು ಸಾವಿರ ಶುಲ್ಕದ ಕಾರ್ಡಿಗೆ ಜಿಎಸ್‌ಟಿ ಸೇರಿ 5,900 ಕಟ್ಟಿರುತ್ತೀರಿ. ಉಳಿದ ನೂರು ರೂಪಾಯಿಯಲ್ಲಿ ಯಾವ ಊರಿಗೆ ಹಾರುವುದು? ಕಾರ್ಡು ಕೊಳ್ಳುವ ಮುಂಚೆ ಕಳೆದ ವರ್ಷದ ಖರ್ಚನ್ನು ಹೀಗೆ ಜರಡಿ ಹಿಡಿದು ನೋಡುವವರು ಬಲು ಕಡಿಮೆ.

ಬಡ್ಡಿಯ ಮಾತು ಕಹಿಯಾದರೂ ಆಡಲೇಬೇಕು. ಬಿಲ್ಲಿನ ಮೇಲೆ 'ಕನಿಷ್ಠ ಬಾಕಿ' ಎಂದು ಒಂದು ಸಣ್ಣ ಮೊತ್ತ ಅಚ್ಚಾಗಿರುತ್ತದೆ, ಅಷ್ಟು ಕಟ್ಟಿದರೆ ಸಾಕೆಂದು ಜನ ನಂಬುತ್ತಾರೆ. ಉಳಿದದ್ದಕ್ಕೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇಕಡಾ 3.75 ಬಡ್ಡಿ, ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ. ಒಂದು ಲಕ್ಷ ಉಳಿಸಿಕೊಂಡರೆ ಒಂದು ತಿಂಗಳಿಗೆ 4,425 ರೂಪಾಯಿ. ಆ ಒಂದು ಲಕ್ಷಕ್ಕೆ ಇನ್ಫಿನಿಯಾದಂಥ ಕಾರ್ಡಿನಲ್ಲೂ ಸಿಕ್ಕಿದ್ದು 3,333 ಪಾಯಿಂಟು. ಒಂದೇ ತಿಂಗಳಲ್ಲಿ ಟಿಕೆಟ್ಟೂ ಹೋಯಿತು, ಕೈಯಿಂದಲೂ ಹೋಯಿತು. ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡದ್ದಕ್ಕೂ ಅಂದಿನಿಂದಲೇ ಬಡ್ಡಿ ಓಡುತ್ತದೆ. ವರ್ಷಕ್ಕೆ ಶೇಕಡಾ 30 ಮೀರಿದ ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು, ಅಲ್ಲಿಗೆ ಆ ಮಿತಿಯೂ ಇಲ್ಲ. ಪಾಯಿಂಟಿನ ಹಬ್ಬಕ್ಕೆ ಎಣ್ಣೆ ಬತ್ತಿ ಒದಗಿಸುವವರಲ್ಲಿ ಈ ಬಡ್ಡಿ ಕಟ್ಟುವವರೂ ಸೇರಿದ್ದಾರೆ. ಪ್ರತಿ ತಿಂಗಳೂ ಪೂರಾ ಬಿಲ್ಲು ಕಟ್ಟಲಾಗದವರು ಇಷ್ಟು ಹೊತ್ತು ನಾನು ಹೇಳಿದ್ದನ್ನೆಲ್ಲ ಮರೆತುಬಿಡಬಹುದು.

ಕಾರ್ಡು ಬೇಡವೆನಿಸಿದರೆ ಮುಚ್ಚಿಸುವುದಕ್ಕೆ ಹೆದರಬೇಕಾಗಿಲ್ಲ. ಬಾಕಿ ತೀರಿಸಿ ಅರ್ಜಿ ಕೊಟ್ಟಮೇಲೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ತೆರಬೇಕು. ಇದು ರಿಸರ್ವ್ ಬ್ಯಾಂಕಿನ 2022ರ ಆದೇಶ. ಮುಚ್ಚಿಸುವ ಮುನ್ನ ಉಳಿದ ಪಾಯಿಂಟು ಬಳಸಿಕೊಳ್ಳಿ.

ಕೊನೆಗೆ ಪ್ರಯಾಣ ಹೊರಟ ಹಿರಿಯರಿಗೆ ಒಂದು ಮಾತು. ಪಾಯಿಂಟಿನಲ್ಲಿ ಕೊಂಡ ಟಿಕೆಟ್ಟು ಎಂದು ನಿಮ್ಮನ್ನು ಯಾರೂ ಬೇರೆಯಾಗಿ ಕಾಣುವಂತಿಲ್ಲ. ವೀಲ್‌ಚೇರ್ ಬೇಕಾದರೆ ಟಿಕೆಟ್ಟು ಮಾಡಿಸುವಾಗಲೇ ಬರೆಸಿ, ಸಸ್ಯಾಹಾರದ ಊಟವನ್ನೂ ಆಗಲೇ ಹೇಳಿ. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಟಿಕೆಟ್ಟಿನಲ್ಲೂ ಅಕ್ಷರಕ್ಕೆ ಅಕ್ಷರ ಇರಲಿ; ಇನಿಷಿಯಲ್ಲನ್ನು ಬಿಡಿಸಿ ಬರೆಯುವಲ್ಲಿ ನಮ್ಮವರ ಟಿಕೆಟ್ಟುಗಳು ಎಡವುವುದು ಹೆಚ್ಚು, ಮೈಲಿಯ ಟಿಕೆಟ್ಟಿನಲ್ಲಿ ಅದನ್ನು ತಿದ್ದಿಸಲು ಮಗನೇ ತನ್ನ ಖಾತೆಯಿಂದ ಫೋನು ಮಾಡಬೇಕಾಗುತ್ತದೆ.